ಸಣ್ಣ ಬೆಳ್ಳಿ

ಜಯಮಾಲಾ ಹುಮನಾಬಾದಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ವಿಜ್ಞಾನದ ಪದಗಳು ಎಲ್ಲಿಂದ ಬಂದವೆಂದು ಹುಡುಕಿ ಹುಡುಕಿ ಹನ್ನೊಂದು ವರ್ಷ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅದನ್ನು ಓದಿದವರು ಒಬ್ಬರೇ, ಅದೇ ಶಾಲೆಯ ಕನ್ನಡ ಶಿಕ್ಷಕ ಮಚ್ಚೇಂದ್ರ. "ವಾಕ್ಯ ತಿದ್ದಿ ಕೊಡ್ತೀನ್ರಿ ಟೀಚರ್" ಎಂದು ದೀಪಾವಳಿ ರಜೆಯಲ್ಲಿ ಅವರು ಅದನ್ನು ಮನೆಗೆ ಒಯ್ದಿದ್ದರು.

ಜೂನಿನಲ್ಲಿ ಬಸವಕಲ್ಯಾಣದಲ್ಲಿ ಮಚ್ಚೇಂದ್ರರ ಪುಸ್ತಕ ಬಿಡುಗಡೆ. ಕವಿತೆಗಳಿರಬೇಕು ಎಂದುಕೊಂಡು ಜಯಮಾಲಾ ಸಂತೋಷದಿಂದಲೇ ಹೋದಳು. ಬಾಗಿಲಲ್ಲಿ ಕೈಗಿತ್ತ ಪ್ರತಿಯನ್ನು ನಡುವೆ ತೆರೆದಳು.

"ಸ್ಪ್ಯಾನಿಷ್‌ನಲ್ಲಿ ‘ಪ್ಲಾಟಾ’ ಎಂದರೆ ಬೆಳ್ಳಿ, ‘ಪ್ಲಾಟಿನಾ’ ಎಂದರೆ ಸಣ್ಣ ಬೆಳ್ಳಿ. ದಕ್ಷಿಣ ಅಮೆರಿಕದ ನದಿಗಳಲ್ಲಿ ಚಿನ್ನ ಹುಡುಕುತ್ತಿದ್ದ ಸ್ಪೇನಿನವರು ಚಿನ್ನದ ಜೊತೆ ಸಿಗುತ್ತಿದ್ದ ಬಿಳಿ ಕಾಳುಗಳಿಗೆ ತಾತ್ಸಾರದಿಂದ ಇಟ್ಟ ಹೆಸರದು. ಬೇಡವೆಂದು ನೀರಿಗೇ ಎಸೆಯುತ್ತಿದ್ದರು. ಪ್ಲಾಟಿನಂ ಎಂಬ ಹೆಸರು ಅದರಿಂದಲೇ ಬಂತು. ನನ್ನ ತಂಗಿ ಮೂರನೆಯ ಹೆಣ್ಣಾಗಿ ಹುಟ್ಟಿದಾಗ ಮನೆಯವರೆಲ್ಲ ಮುಖ ತಿರುಗಿಸಿದರು. ಅವ್ವ ಮಾತ್ರ ಎದೆಗವಚಿಕೊಂಡು, ‘ಇದು ನನ್ನ ಸಣ್ಣ ಬೆಳ್ಳಿ’ ಎಂದಳು."

ಮಚ್ಚೇಂದ್ರರಿಗೆ ತಂಗಿಯೇ ಇಲ್ಲ. ಆ ಮೂರನೆಯ ಹೆಣ್ಣು ಜಯಮಾಲಾ. ಅವ್ವ ತೀರಿಕೊಂಡ ವಾರ ಅಳುತ್ತ ಬರೆದ ಸಾಲುಗಳವು. ಪುಟ ಮಗುಚಿದಳು. ಎಲ್ಲವೂ ಅವಳವೇ. ಕೊನೆಯಲ್ಲಿ ಧನ್ಯವಾದದ ಪಟ್ಟಿ, ಅದರಲ್ಲಿ ಪ್ರೆಸ್ಸಿನವರ ನಂತರ ಅವಳ ಹೆಸರು.

ವೇದಿಕೆಯ ಪಕ್ಕದಲ್ಲಿ ಅವರನ್ನು ತಡೆದು ನಿಲ್ಲಿಸಿದಳು. "ಇದೇನ್ರಿ ಸರ್?"

"ವಾಕ್ಯ ಎಲ್ಲಾ ನಾನ ತಿದ್ದೀನಲ್ರಿ. ನಿಮ್ಮ ಹೆಸರೂ ಹಾಕೀನಿ, ಕಡೀ ಪುಟ ನೋಡ್ರಿ."

"ಉಳದದ್ದು ನೀವ ಇಟ್ಕೋರಿ. ನಮ್ಮವ್ವನ ಮಾತು ಅಷ್ಟು ತೆಗೀರಿ."

"ಆ ಪುಟಾನೇ ಎಲ್ಲಾರಿಗೂ ಭಾಳ ಹಿಡಿಸ್ಯಾದ್ರಿ" ಎಂದು ಮಚ್ಚೇಂದ್ರ ಹೆಗಲ ಶಾಲು ಸರಿಮಾಡಿಕೊಂಡರು.

ಸಹೋದ್ಯೋಗಿಯ ಎರಡು ಮಾತಿಗಾಗಿ ಸಂಘಟಕರು ಅವಳನ್ನೂ ವೇದಿಕೆಗೆ ಕರೆದರು. ಮೈಕಿನ ಮುಂದೆ ನಿಂತು ಹೇಳಿದಳು: "ನಲವತ್ತೆರಡನೇ ಪುಟದಾಗಿನ ಕೂಸು ನಾನ್ರಿ. ಆ ಅವ್ವ ನಮ್ಮವ್ವ, ಪಾರ್ವತಿಬಾಯಿ. ಸರ್‌ಗೆ ತಂಗಿ ಇಲ್ಲ. ಬರದದ್ದೆಲ್ಲಾ ನಂದು."

ಯಾರೋ ಒಬ್ಬರು ಚಪ್ಪಾಳೆ ತಟ್ಟಿ, ಉಳಿದವರು ಸುಮ್ಮನಿದ್ದುದನ್ನು ಕಂಡು ನಿಲ್ಲಿಸಿದರು. ಅವಳು ಇಳಿದು ಬಸ್ ನಿಲ್ದಾಣಕ್ಕೆ ನಡೆದಳು.

ಬಸ್ಸು ಹೆದ್ದಾರಿಗೆ ಬಂದಾಗ ಮಚ್ಚೇಂದ್ರರ ಫೋನು.

"ಇಷ್ಟು ವರ್ಷದ ದೋಸ್ತಿ ನಮ್ದು. ಮಂದಿ ಮುಂದ ನನ್ನ ಮರ್ಯಾದಿ ತೆಗದ್ರಿ. ನೀವು ಹಿಂಗ ದಗಾ ಮಾಡ್ತೀರಂತ ತಿಳದಿದ್ದಿಲ್ರಿ ಟೀಚರ್."

ಅವರ ದನಿಯಲ್ಲಿ ನಿಜವಾಗಿಯೂ ನೋವಿತ್ತು. ಜಯಮಾಲಾಗೆ ಅಳು ಬಂದದ್ದು ಆಗಲೇ.