ಹಾಲಿಗೆ ಈಗಿನ ಹೆಸರು

"ಕಿವಿ ಸರಿಯಾಗೇ ಕೇಳುತ್ತೆ. ನಾಲಿಗೇಲೂ ಏನೂ ದೋಷ ಇಲ್ಲ," ಎಂದು ಮಾತಿನ ಡಾಕ್ಟರಮ್ಮ ಟಾರ್ಚು ಆರಿಸಿದಳು. "ಮತ್ತೆ ಯಾಕೆ ಮಾತಾಡ್ತಿಲ್ಲ?"

ಕೇಳಿದ್ದು ಮಗುವನ್ನಲ್ಲ, ಅದರ ಅಪ್ಪ ಅಮ್ಮನನ್ನು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತಿದ್ದರು. ನಡುವೆ ಇನ್ನೊಂದು ಸಂಸಾರ ಕೂರುವಷ್ಟು ಜಾಗ. ಮರಿ ಎಂದು ಕರೆಸಿಕೊಳ್ಳುವ ನಾಲ್ಕು ವರ್ಷದ ಹುಡುಗಿ ಕೆಳಗೆ ಚಾಪೆಯ ಮೇಲೆ ಕೂತು ತನ್ನ ಚಪ್ಪಲಿಯ ಪಟ್ಟಿಯನ್ನು ಬಿಚ್ಚುತ್ತ ಹಾಕುತ್ತ ಇದ್ದಳು.

"ಅವರನ್ನೇ ಕೇಳಿ," ಎಂದಳು ಅಮ್ಮ. ಸಿಟಿ ಬಸ್ಸು ಓಡಿಸುವವಳು. ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು. ಇಂಜಿನ್ನಿನ ಪಕ್ಕದಲ್ಲೇ ಬದುಕಿ ಅವಳಿಗೆ ಮೆಲ್ಲಗೆ ಮಾತಾಡುವ ಅಭ್ಯಾಸ ತಪ್ಪಿತ್ತು. "ಇವರು ಒಂದು ಭಾಷೆ ಹೆತ್ತಿದ್ದಾರೆ. ಅದರ ಫಲ ಇದು."

ಅಪ್ಪನದು ಕನ್ನಡಕದ ಅಂಗಡಿ. ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸಿ ಬದಲಿಸಿ, "ಈಗ? ಈಗ ಹೇಗಿದೆ?" ಎಂದು ಕೇಳುವುದು ಹೊಟ್ಟೆಪಾಡು. ಹುಚ್ಚು ಬೇರೆಯದು. ಲ್ಯಾಟಿನ್ ಎಂಬ ಮುದುಕಿಗೆ ಫ್ರೆಂಚು, ಇಟಾಲಿಯನ್, ಸ್ಪ್ಯಾನಿಷ್ ಎಂದು ಹೆಣ್ಣುಮಕ್ಕಳು ಹುಟ್ಟಿದರಲ್ಲ, ಆ ಮನೆತನದಲ್ಲಿ ಇನ್ನು ಸಾವಿರ ವರ್ಷಕ್ಕೆ ಹುಟ್ಟಬಹುದಾದ ಮರಿಮಗಳು ಹೇಗೆ ಮಾತಾಡಿಯಾಳು ಎಂದು ಊಹಿಸಿ, ಒಂದು ಇಡೀ ಭಾಷೆಯನ್ನೇ ಕಟ್ಟಿದ್ದ. ಪದದ ಬಾಲದಲ್ಲಿದ್ದ ಬಹುವಚನವನ್ನು ತಲೆಗೆ ಏರಿಸಿದ. ಕ್ರಿಯಾಪದಗಳಿಗೆ 'ನಾನು', 'ನೀನು'ಗಳನ್ನು ನುಂಗಿಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ. ಇವನದು ಕೂಸಿನ ಮುತ್ತಜ್ಜಿ ಹುಟ್ಟುವುದಕ್ಕೂ ಮುಂಚೆ. ಕಟ್ಟಿಕೊಂಡು ತೆಪ್ಪಗಿದ್ದಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಮಗು ಕಣ್ಣು ಬಿಟ್ಟಾಗಿನಿಂದ ಅದರ ಜೊತೆ ಅದೇ ಭಾಷೆಯಲ್ಲಿ ಮಾತಾಡತೊಡಗಿದ.

ಆಗ ಹೆಂಡತಿಯೂ ನಕ್ಕಿದ್ದಳು. ಮರಿ ಅಮ್ಮನ ಜೊತೆ ಮನೆಮಾತು, ಅಪ್ಪನ ಜೊತೆ ಸಾವಿರ ವರ್ಷದಾಚೆಯ ಮಾತು ಆಡುತ್ತ, ಎರಡನ್ನೂ ಕಲಸದೆ ಓಡಾಡಿಕೊಂಡಿತ್ತು. ಆಮೇಲೆ ಮಾತು ಕಡಿಮೆಯಾಯಿತು. ಆಮೇಲೆ ಎರಡೂ ಭಾಷೆಗಳಲ್ಲಿ ನಿಂತೇಹೋಯಿತು. ಈಗ ಏನು ಬೇಕಾದರೂ ಬೆರಳು ತೋರಿಸುತ್ತಾಳೆ, ಇಲ್ಲವೇ ಬೇಡವೆಂದು ಸುಮ್ಮನಾಗುತ್ತಾಳೆ. ಡಾಕ್ಟರಮ್ಮ ಆ ಭಾಷೆಯಿಂದಲೇ ಹೀಗಾಗಿದೆ ಎಂದರೆ ಇಲ್ಲಿಂದಲೇ ಮಗುವನ್ನು ಎತ್ತಿಕೊಂಡು ತವರಿಗೆ ಹೋಗುತ್ತೇನೆ ಎಂದು ಅಮ್ಮ ಮೆಟ್ಟಿಲು ಹತ್ತುವಾಗಲೇ ಹೇಳಿದ್ದಳು. ಬಾಯಿಮಾತಿಗೆ ಹೇಳಿದ್ದಲ್ಲ, ಬಟ್ಟೆಯ ಚೀಲ ಬೆಂಚಿನ ಕೆಳಗೇ ಇತ್ತು.

"ಎರಡು ಭಾಷೆ ಕಲಿತರೆ ಮಕ್ಕಳಿಗೆ ಮಾತು ನಿಲ್ಲಲ್ಲ," ಎಂದ ಅಪ್ಪ. "ಹೌದೋ ಅಲ್ವೋ, ನೀವೇ ಹೇಳಿ."

"ಹೌದು, ಅದರಿಂದ ನಿಲ್ಲಲ್ಲ," ಎಂದಳು ಡಾಕ್ಟರಮ್ಮ.

ಅವನು ಹೆಂಡತಿಯ ಕಡೆ ನೋಡಿದ ನೋಟವಿತ್ತಲ್ಲ, ಅದನ್ನು ನೋಡಿದರೆ ಎಂಥವರಿಗೂ ಪಿತ್ತ ನೆತ್ತಿಗೇರಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ ಅಂದವರು ಇವನನ್ನು ನೋಡಿರಲಿಲ್ಲ.

"ಕೇಳಿಸ್ಕೊಂಡೆಯಾ?"

"ಕೇಳಿಸ್ಕೊಂಡೆ. ಈಗ ಅವರಿಗೂ ಒಂಚೂರು ಕೇಳಿಸು. ಹಾಲಿಗೆ ಏನಂತಾರೆ ನಿನ್ನ ಭಾಷೇಲಿ?"

"ಎಶ್."

"ಹೋದ ವರ್ಷ ಏನಂತಿದ್ರು?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಲೇಶು."

"ಅದಕ್ಕೂ ಮುಂಚೆ?"

"ಲೇಚು. ಅದು ಮೊದಲ ಕರಡು. ಭಾಷೆ ಅಂದಮೇಲೆ ಸವೆಯುತ್ತೆ. ಪದದ ಮೊದಲಲ್ಲಿ 'ಲ' ಉದುರತ್ತೆ ಅಂತ ಗೊತ್ತಾದ ಮೇಲೆ ಎಲ್ಲಾ ಪದದಲ್ಲೂ ಉದುರಿಸಬೇಕು. ಒಂದನ್ನ ಬಿಟ್ಟು ಒಂದನ್ನ ಹಿಡಿಯೋಕೆ ಆಗಲ್ಲ."

"ಗೊತ್ತಾಯ್ತು ಅಂದ್ರೆ, ಯಾರು ಹೇಳಿದ್ರು?" ಎಂದು ಡಾಕ್ಟರಮ್ಮ ಕೇಳಿದಳು.

"ಯೋಚನೆ ಮಾಡ್ತಾ ಮಾಡ್ತಾ ನನಗೇ ಹೊಳೆಯುತ್ತೆ."

"ಸ್ನಾನ ಮಾಡ್ತಾ ಹೊಳೆಯುತ್ತೆ," ಎಂದಳು ಅಮ್ಮ. "ಟವೆಲ್ ಸುತ್ಕೊಂಡು ಆಚೆ ಬರೋ ಹೊತ್ತಿಗೆ ಮನೇಲಿರೋ ಅರ್ಧ ಸಾಮಾನಿಗೆ ಹೆಸರು ಬದಲಾಗಿರುತ್ತೆ. ಇವಳ ಹೆಸರೂ. 'ಫೀಯ' ಅಂತ ಕರೀತಿದ್ರು, ಮಗಳೇ ಅಂತ. ಒಂದಿನ ಫಕಾರ ಎಲ್ಲಾ ಹಕಾರ ಆಯ್ತಂತೆ, 'ಹೀಯ' ಅಂತ ಕರೆದ್ರು. ಮಗು ಹಿಂದೆ ತಿರುಗಿ ನೋಡ್ತು, ಇನ್ಯಾರೋ ಬಂದಿದ್ದಾರೇನೋ ಅಂತ."

ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲಿಟ್ಟಳು. "ಮಗು ಹಳೇ ಪದ ಹೇಳಿದ್ರೆ ಏನು ಮಾಡ್ತೀರಿ?"

"ತಿದ್ದುತ್ತೀನಿ. ಸಿಟ್ಟು ಮಾಡಲ್ಲ. ಒಂದು ದಿನವೂ ಕೈ ಎತ್ತಿಲ್ಲ, ಬೇಕಾದ್ರೆ ಇವಳನ್ನೇ ಕೇಳಿ."

"ಸರಿ. ಲೇಶು ಬೇಕು ಅಂದ್ರೆ ಹಾಲು ಕೊಡ್ತೀರಾ?"

"ಸರಿಯಾಗಿ ಹೇಳಿದ ಮೇಲೆ ಕೊಡ್ತೀನಿ," ಎಂದ ಅಪ್ಪ.

ಅಮ್ಮನಿಗೆ ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಸಿಟ್ಟು ಬಂತು. ನಸುಕಿಗೇ ಬಸ್ಸು ಹತ್ತಿ, ಮಗುವನ್ನು ಇವನ ಬಾಯಿಗೆ ಒಪ್ಪಿಸಿ ಹೋಗುತ್ತಿದ್ದವಳು ಅವಳೇ ಅಲ್ಲವೇ? ಮಗಳೆಂದರೆ ಅವನಿಗೂ ಪ್ರಾಣ. ಅವಳಿಲ್ಲದಿದ್ದರೆ ಜಗತ್ತಿನಲ್ಲಿ ಆ ಭಾಷೆಯಲ್ಲಿ ಓಗೊಡುವ ಇನ್ನೊಂದು ಜೀವವಿರಲಿಲ್ಲ. ಆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ನಿಯಮ ಅಂದ್ರೆ ನಿಯಮ," ಎಂದ.

ಡಾಕ್ಟರಮ್ಮ ಎದ್ದಳು. ಕಪಾಟಿನಿಂದ ಒಂದು ಬಟ್ಟೆಯ ಗೊಂಬೆಯನ್ನೂ ಪುಟಾಣಿ ಲೋಟವನ್ನೂ ತೆಗೆದು ಚಾಪೆಯ ಮೇಲಿಟ್ಟಳು. "ನಾವು ಯಾರೂ ಏನೂ ಕೇಳೋದು ಬೇಡ. ಸುಮ್ನೆ ಕೂತಿರೋಣ," ಎಂದಳು. ಬೆಂಚಿನ ಎರಡು ತುದಿಯವರೂ ಸುಮ್ಮನೆ ಕೂತರು. ಅವರಿಬ್ಬರೂ ಒಟ್ಟಿಗೆ ಒಬ್ಬರ ಮಾತು ಕೇಳಿದ್ದು ಎಷ್ಟೋ ಕಾಲದ ಮೇಲೆ ಅದೇ ಮೊದಲು.

ಮರಿ ಚಪ್ಪಲಿಯನ್ನು ಬಿಟ್ಟು ಗೊಂಬೆಯನ್ನು ತಿರುಗಿಸಿ ನೋಡಿದಳು. ಎತ್ತಿ ತೊಡೆಯ ಮೇಲೆ ಕೂರಿಸಿದಳು. ಲೋಟವನ್ನು ಅದರ ಹೊಲಿದ ಬಾಯಿಯ ಹತ್ತಿರ ತಂದು, ಇನ್ನೇನು ಕುಡಿಸಬೇಕು, ಅಷ್ಟರಲ್ಲಿ ಹಿಂದಕ್ಕೆ ಎಳೆದುಕೊಂಡಳು. ಗೊಂಬೆಗೆ ಕಿವಿಯಿಟ್ಟು ಕೇಳಿಸಿಕೊಂಡಳು. ಆಮೇಲೆ ತಲೆ ಅಲ್ಲಾಡಿಸಿ, ತಾಳ್ಮೆಯಿಂದ, ಸ್ಪಷ್ಟವಾಗಿ ಹೇಳಿದಳು:

"ಫೋ. ರೆದಿ."

ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿಂದ ಬಂದ ದನಿ ತುಸು ಒಡಕಾಗಿತ್ತು. ಅಮ್ಮನ ಕಣ್ಣು ತುಂಬಿತು. ಡಾಕ್ಟರಮ್ಮ ಮೆಲ್ಲಗೆ, "ಏನಂದ್ಲು?" ಎಂದು ಅಪ್ಪನನ್ನು ಕೇಳಿದಳು. ಹೇಳಿದವಳು, ಆ ಭಾಷೆಯ ಒಂದಕ್ಷರವೂ ನನಗೆ ಬೇಡ ಎನ್ನುತ್ತಿದ್ದ ಅಮ್ಮ.

"'ತಪ್ಪು. ಮತ್ತೆ ಹೇಳು' ಅಂತ."

ಅಪ್ಪ ಬೆಂಚಿನಿಂದ ಇಳಿದು ಚಾಪೆಯ ಅಂಚಿಗೆ ಮಂಡಿಯೂರಿದ. ಮಗಳನ್ನು ಎತ್ತಿಕೊಳ್ಳುವುದಕ್ಕೆಂದೇ ಎರಡೂ ಕೈ ಚಾಚಿದ್ದ, ಅದರಲ್ಲಿ ಸುಳ್ಳಿಲ್ಲ. ಮರಿಯೂ ಮುಖವೆತ್ತಿ ಅವನನ್ನು ನೋಡಿದಳು. ಆದರೆ ಫಕಾರ ಎಂದೋ ಬದಲಾಗಿತ್ತಲ್ಲ. ಕೈ ತಲುಪುವ ಮೊದಲೇ ಬಾಯಿ ತಲುಪಿತು.

"ಹೋ," ಎಂದ, ಮೆತ್ತಗೆ. "ಫೋ ಅಲ್ಲ ಕಂದ. ಹೋ."

ಅಮ್ಮ ಬಗ್ಗಿ ಬೆಂಚಿನ ಕೆಳಗಿನ ಚೀಲವನ್ನು ಎಳೆದುಕೊಂಡಳು. ಅವನು ಚಾಚಿದ ಕೈಗಳನ್ನು ಹಾಗೇ ಹಿಡಿದುಕೊಂಡಿದ್ದ. ಮರಿ ಗೊಂಬೆಯನ್ನು ಎದೆಗೆ ಒತ್ತಿಕೊಂಡು, ಅದರ ಬಾಯಿಯ ಮೇಲೆ ತನ್ನ ಅಂಗೈ ಇಟ್ಟು ಮುಚ್ಚಿದಳು.