ಸ್ಪೀಕರ್‌ಗೆ ಹಾಕಿದ ಕರೆ

ಶಿಕಾರಿಪುರದ ನರ್ಸ್ ದೀಪಶ್ರೀಗೆ ಜರ್ಮನಿ, ಐರ್ಲೆಂಡ್ ಎರಡೂ ಕಡೆ ಕೆಲಸ ಸಿಕ್ಕಿತ್ತು. ಸಂಜೆ ಐದರೊಳಗೆ ಒಂದನ್ನು ಒಪ್ಪಿಕೊಳ್ಳಬೇಕಿತ್ತು.

ಮದುವೆಯಾದಾಗಿನಿಂದ ಅವಳಿಗೆ ಬರುವ ಪ್ರತಿ ಕರೆಯನ್ನೂ ಗಂಡ ಗುರುಪ್ರಕಾಶ್ ಸ್ಪೀಕರ್‌ಗೆ ಹಾಕಿಸಿಯೇ ಕೇಳುತ್ತಿದ್ದ. ಕೆಲಸ ಕೊಡಿಸುವ ಏಜೆಂಟನ ಕರೆಗೂ ಅದೇ ಆಯಿತು.

"ಜರ್ಮನಿ ಅಂತ ಹೇಳು. ನನ್ ದೋಸ್ತ್ರೆಲ್ಲ ಅಲ್ಲೇ ಅದಾರೆ," ಎಂದು ಪಕ್ಕದಲ್ಲೇ ಕೂತು ಪಿಸುಗುಟ್ಟಿದ.

ಸೂಜಿ ಚುಚ್ಚುವ ಮುನ್ನ ರೋಗಿಗಳ ಹತ್ತಿರ ಆಡುವ ಮೆಲುದನಿಯಲ್ಲೇ ದೀಪಶ್ರೀ ಕೇಳಿದಳು. "ಸರ್, ನಮ್ಮ ಮನೆಯವ್ರ ವೀಸಾ ಎಲ್ಲಿ ತಡ ಆಗುತ್ತೆ?"

"ನಿಮ್ಮ ಕೇಸಲ್ಲಿ ಐರ್ಲೆಂಡೇ ಮೇಡಂ. ವರ್ಷದ ಮೇಲೇ ಹಿಡೀಬಹುದು. ಜರ್ಮನಿಯಾದ್ರೆ ಇಬ್ರೂ ಒಟ್ಟಿಗೇ ಹೋಗ್ಬಹುದು."

ಗೆದ್ದವನಂತೆ ಗುರುಪ್ರಕಾಶ್ ತಲೆಯಾಡಿಸಿದ.

ದೀಪಶ್ರೀ ಫೋನನ್ನು ಬಾಯಿಯ ಹತ್ತಿರ ತಂದಳು.

"ಹಂಗಾದ್ರೆ ಐರ್ಲೆಂಡ್ ಅಂತ ಬರ್ಕೊಳ್ಳಿ ಸರ್."