ಎರಡು ಪ್ಲೇಟಿನ ಕ್ಲಚ್ಚೂ ನನ್ನಾಕೆಯ ಎಡಗಾಲೂ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಾರಿನ ಕ್ಲಚ್ಚಿನಲ್ಲಿ ಯಾವ ದೋಷವೂ ಇಲ್ಲ. ಮೂವತ್ತು ವರ್ಷದಿಂದ ಊರವರ ಗೇರ್‌ಬಾಕ್ಸು ಬಿಚ್ಚಿ ಕಟ್ಟಿದವನು ನಾನು. ನನ್ನ ಕೈಯಾರೆ ಕೂರಿಸಿದ್ದನ್ನು ಕಂಡಕಂಡವರು ಕೆಟ್ಟಿದೆ ಅಂದರೆ ಮೈಯೆಲ್ಲ ಉರಿಯುತ್ತದೆ.

ಸಾಮಾನ್ಯ ಕಾರಿನ ಕ್ಲಚ್ಚಿನಲ್ಲಿ ಒಂದೇ ಪ್ಲೇಟು. ಎಂಜಿನ್ನಿನ ಬಲವನ್ನು ಹಿಡಿದು ಗೇರಿಗೆ ದಾಟಿಸುವುದು ಅದರ ಕೆಲಸ. ನಾನು ನನ್ನ ಹಳೆಯ ಕೆಂಪು ಕಾರಿಗೆ ಟರ್ಬೊ ಹಾಕಿ ಎಂಜಿನ್ನಿನ ಬಲ ದುಪ್ಪಟ್ಟು ಮಾಡಿದ ಮೇಲೆ, ಆ ಒಂದು ಪ್ಲೇಟು ಒಂದೇ ತಿಂಗಳಲ್ಲಿ ಜಾರಿ ಜಾರಿ ಸುಟ್ಟು ಕರಕಲಾಯಿತು. ಆಗ ಎರಡು ಪ್ಲೇಟಿನದನ್ನು ತರಿಸಿ ಹಾಕಿದೆ. ಹಿಡಿತ ಅಂದರೆ ಅದಪ್ಪಾ ಹಿಡಿತ! ಆದರೆ ಅದರ ಜೊತೆ ಬಾಳುವುದೆಂದರೆ ಮೂಗಿನ ತುದಿಯಲ್ಲೇ ಕೋಪ ಇರುವವರ ಜೊತೆ ಬಾಳಿದ ಹಾಗೆ. ಈ ಮಾತು ಹೇಳಿದಾಗಲೆಲ್ಲ ನನ್ನಾಕೆ, "ಅದನ್ನ ನನಗೆ ಹೇಳಿಕೊಡ್ಬೇಕಾ?" ಅನ್ನುತ್ತಾಳೆ.

ಪೆಡಲ್ ಕಲ್ಲಿನಷ್ಟು ಗಟ್ಟಿ. ತುಳಿದು ಹಿಡಿದರೆ ಒಳಗಿನ ಪ್ಲೇಟುಗಳು ಸಡಿಲಾಗಿ, ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಸದ್ದು. ಬಿಡುವಾಗ ಬೆರಳಗಲದ ಜಾಗದಲ್ಲಿ ಗಬಕ್ಕನೆ ಹಿಡಿಯುತ್ತದೆ. ಆ ಬೆರಳಗಲದಲ್ಲಿ ಕಾಲು ತಡವರಿಸಿತೋ, ಕಾರು ಕತ್ತೆಯ ಹಾಗೆ ಒದ್ದು ಎಂಜಿನ್ ನಿಂತೇ ಹೋಗುತ್ತದೆ. ಹನ್ನೊಂದು ವರ್ಷ ಓಡಿಸಿದ ನನಗೂ ದಿನಕ್ಕೆ ನಾಲ್ಕು ಒದೆ ತಪ್ಪುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ ನನ್ನಾಕೆ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದು, ಇನ್ನೊಂದರಲ್ಲಿ ನೀರಿನ ಬಾಟಲಿ ಅವುಚಿಕೊಂಡು, ಸಿಗ್ನಲ್ ಹಸಿರಾಗುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು.

ಆದರೂ ಏನು ಜಂಬ ನನಗೆ! ಈ ಕಾರನ್ನು ನಿಲ್ಲಿಸದೆ ಗೇಟು ದಾಟಿಸಿದವನಿಗೆ ಗ್ಯಾರೇಜೇ ಬರೆದುಕೊಡುತ್ತೇನೆ ಅನ್ನುತ್ತಿದ್ದೆ. ನನ್ನ ಭಾವಮೈದುನ ಹದಿನೆಂಟು ಚಕ್ರದ ಲಾರಿ ಓಡಿಸುವವನು. ಮೂರು ಸಲ ಒದೆಸಿಕೊಂಡು ಇಳಿದು, "ಭಾವ, ಇದು ಕಾರಲ್ಲ, ನಿಮ್ಮ ತದ್ರೂಪು" ಅಂದ. ನಾನು ಮೀಸೆ ತಿರುವಿದೆ.

ಒಮ್ಮೆ, ಏಳು ವರ್ಷದ ಹಿಂದೆ, ನನ್ನಾಕೆಯೂ ಕೀ ಕೇಳಿದ್ದಳು. ಅವಳಿಗೆ ಲೈಸೆನ್ಸ್ ಇದೆ. ಷರಟು ಹೊಲಿಯುವ ಕಾರ್ಖಾನೆಗೆ ತನ್ನ ಪುಟ್ಟ ಕಾರಿನಲ್ಲೇ ಹೋಗಿಬರುತ್ತಾಳೆ. ನಾನು ಗ್ಯಾರೇಜಿನವರ ಮುಂದೆಯೇ ನಕ್ಕು, "ಇದೇನು ನಿನ್ನ ಹೊಲಿಗೆ ಮಷಿನ್ ಅನ್ಕೊಂಡ್ಯೇನೇ, ಸುಮ್ನೆ ತುಳಿಯೋಕೆ?" ಅಂದೆ. ಎಲ್ಲರೂ ನಕ್ಕರು. ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಕೇಳಲಿಲ್ಲ.

ಹೋದ ವರ್ಷ ನನ್ನ ಎಡಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ಡಾಕ್ಟರಮ್ಮ ಮುಖ ಮುಲಾಜಿಲ್ಲದೆ ಹೇಳಿದರು: "ಆ ಪೆಡಲ್ ಮೇಲೆ ಇನ್ನು ಈ ಕಾಲು ಇಡೋ ಹಾಗಿಲ್ಲ. ಈ ತಿಂಗಳು ಅಂತಲ್ಲ, ಯಾವತ್ತೂ."

ನಾಲ್ಕು ತಿಂಗಳು ಕಾರು ಷೆಡ್ಡಿನಲ್ಲಿ ನಿಂತಿತು. ದಿನಾ ಊರುಗೋಲು ಹಿಡಿದು ಹೋಗಿ ಬಾನೆಟ್ ಮೇಲಿನ ಧೂಳು ಒರೆಸಿ ಬರುತ್ತಿದ್ದೆ. ಓಡದ ಕಾರು ನಿಂತಲ್ಲೇ ಕೊಳೆಯುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊನೆಗೆ, ಮನೆಯಲ್ಲಿ ಓಡಿಸುವವರಿಲ್ಲದ ಮೇಲೆ ಮಾರಿಬಿಡುವುದೇ ಸರಿ ಅಂತ ತೀರ್ಮಾನ ಮಾಡಿದೆ.

"ಅದರ ಬದಲು ಮೆತ್ತಗಿರೋ ಕ್ಲಚ್ ಹಾಕಿಸ್ರೀ," ಅಂದಳು ನನ್ನಾಕೆ.

"ಆ ಎಂಜಿನ್ನಿನ ಬಲಕ್ಕೆ ಮೆತ್ತಗಿರೋದು ನಿಲ್ಲಲ್ಲ ಕಣೇ. ಹಾಕಿದ್ರೆ ಬಲ ಇಳಿಸ್ಬೇಕು. ಹಲ್ಲು ಕಿತ್ತ ಹಾವು ಸಾಕಿದ ಹಾಗೆ. ಅದಕ್ಕಿಂತ ಕೊಟ್ಟುಬಿಡೋದು ವಾಸಿ."

ಅವಳು ಇನ್ನೇನೋ ಹೇಳಲು ಹೊರಟವಳು ಎದ್ದು ಮುಂದಿನ ಕೋಣೆಯ ಹೊಲಿಗೆ ಮಷಿನ್ನಿಗೆ ಹೋದಳು. ನನಗಾಗ ಕೇಳಬೇಕು ಅನ್ನಿಸಲಿಲ್ಲ. ಸಂಕಟ ನನ್ನದೊಬ್ಬನದೇ ಅಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಕೊಳ್ಳುವವನು ಬಂದ. ಹಳೇ ಕಾರುಗಳ ಷೋರೂಮ್ ಇಟ್ಟವನು, ಕರಿ ಕನ್ನಡಕ, ಬೆಳ್ಳಗಿನ ಷೂ. ಬಾನೆಟ್ ಮೇಲಿನ ಧೂಳು ಇನ್ನೊಂದು ಸಲ ಒರೆಸಿ ಕೀ ಕೊಟ್ಟೆ. ಷೆಡ್ಡಿನಿಂದ ಹೊರಗೆ ತಗ್ಗಿಗೆ ಇಳಿದು ಓಣಿಗೆ ಬರುವವರೆಗೆ ಕಾರು ತಾನಾಗಿ ಉರುಳಿತು. ಓಣಿಯಿಂದ ದೊಡ್ಡ ರಸ್ತೆಗೆ ಏರು. ಅಲ್ಲಿ ಶುರುವಾಯಿತು ನೋಡಿ. ಗಲಗಲ, ಧಡ್! ನಿಂತಿತು. ಮತ್ತೆ ಗಲಗಲ, ಧಡ್! ಮೂರನೇ ಸಲ ಎಂಜಿನ್ನನ್ನು ಕಿರುಚಿಸುತ್ತ ಪೆಡಲ್ ಬಿಟ್ಟ. ಸುಟ್ಟ ವಾಸನೆ ನನ್ನ ಮೂಗಿಗೇ ಬಡಿಯಿತು. ಅಷ್ಟರಲ್ಲಿ ಹಿಂದೆ ಕಸದ ಲಾರಿ ಬಂದು, ಕಾರಿನ ಬೆನ್ನಿಗೆ ಮೊಳದಷ್ಟು ಜಾಗ ಬಿಟ್ಟು, ಹಾರ್ನ್ ಹೊಡೆಯತೊಡಗಿತು.

ಕನ್ನಡಕದವನು ಇಳಿದು ಬಾಗಿಲು ದಢಾರನೆ ಹಾಕಿದ. "ಕ್ಲಚ್ ಕೆಟ್ಟಿದೆ ಸ್ವಾಮಿ. ಇದನ್ನ ಬಿಚ್ಚಿ ಗುಜರಿಗೆ ಹಾಕಿ, ಬೇರೇದು ಹಾಕ್ಬೇಕಾಗುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ನಾನು ಕೂಗಿದೆ. "ಕೆಟ್ಟಿರೋದು ಕ್ಲಚ್ಚಲ್ಲಯ್ಯಾ, ನಿನ್ನ ಕಾಲು!"

"ಹಾಗಾದ್ರೆ ನೀವೇ ಓಡಿಸಿ ತೋರಿಸಿ," ಅಂದು ಅವನು ನನ್ನ ಊರುಗೋಲು ನೋಡಿದ.

ಓಣಿಯವರೆಲ್ಲ ಕಿಟಕಿಯಲ್ಲಿ ನೋಡುತ್ತಿದ್ದಾರೆ, ಹಿಂದೆ ಹಾರ್ನು, ನನ್ನ ಕಾರು ಓಣಿಯ ನಡುವೆ ಕಳ್ಳನ ಹಾಗೆ ನಿಂತಿದೆ, ನಾನು ಏನೂ ಮಾಡಲಾರೆ. ಅಂಥ ಅವಮಾನ ಯಾರಿಗೂ ಬೇಡ.

ಹಿಂದಿನಿಂದ ನನ್ನಾಕೆ ಬಂದಳು. ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದವಳು, ಅಳತೆ ಪಟ್ಟಿ ಇನ್ನೂ ಕೊರಳಲ್ಲೇ ಇತ್ತು. ಕನ್ನಡಕದವನ ಮುಂದೆ ಕೈ ಚಾಚಿ, "ಕೀ ಕೊಡಪ್ಪ" ಅಂದಳು. ಏಳು ವರ್ಷದ ಹಿಂದೆ ನನ್ನ ಮುಂದೆ ಚಾಚಿದ್ದ ಅದೇ ಕೈ. ಅವನು ಕೊಟ್ಟ.

"ಬೇಡ ಕಣೇ, ಹಿಂದೆ ಲಾರಿ ಇದೆ," ಅಂದೆ.

"ಕಣ್ಣಿದೆ ನನಗೆ," ಅಂದಳು.

ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿದಳು. ಸೀಟನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ಎಳೆದುಕೊಂಡಳು. ಎಂಜಿನ್ ಹಚ್ಚದೆ ಎರಡು ಸಲ ಪೆಡಲ್ ತುಳಿದು ಬಿಟ್ಟು ನೋಡಿದಳು. ಆಮೇಲೆ ಹಚ್ಚಿದಳು. ಗಲಗಲ ಸದ್ದು ಬಂತು. ನಾನು ಹಲ್ಲು ಕಚ್ಚಿ ಧಡ್ ಅನ್ನುವುದಕ್ಕೆ ಕಾದೆ. ಗಲಗಲ ನಿಂತಿತು, ಅಷ್ಟೆ. ಧಡ್ ಬರಲಿಲ್ಲ. ಒಂದು ಅಂಗುಲವೂ ಹಿಂದಕ್ಕೆ ಉರುಳದೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಕಾರು ಏರು ಹತ್ತಿ ದೊಡ್ಡ ರಸ್ತೆಯ ಅಂಚಿನಲ್ಲಿ ನಿಂತಿತು.

ಕಸದ ಲಾರಿಯವನು ಹಾರ್ನ್ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಯಾರಣ್ಣ ಅದು ಓಡಿಸಿದ್ದು?"

"ನನ್ನ ಹೆಂಡ್ತಿ ಕಣಯ್ಯಾ!" ಅಂದೆ. ಓಣಿಗೆಲ್ಲ ಕೇಳಿಸುವ ಹಾಗೆ ಇನ್ನೊಂದು ಸಲ ಅಂದೆ. ನನ್ನ ಆಯುಷ್ಯದಲ್ಲಿ ಆ ಕಾರಿನ ಬಗ್ಗೆ ನೂರು ಜಂಬ ಕೊಚ್ಚಿದ್ದೇನೆ, ಯಾವುದಕ್ಕೂ ಎದೆ ಹೀಗೆ ಉಬ್ಬಿರಲಿಲ್ಲ.

ಕನ್ನಡಕದವನು ಕನ್ನಡಕ ತೆಗೆದ. "ಕ್ಲಚ್ ಸರಿಯಾಗೇ ಇದೆ. ನಾನು ತಗೋತೀನಿ."

"ಮಾರೋಕಿಲ್ಲ."

"ಯಾಕೆ ಸ್ವಾಮಿ, ಈಗ ತಾನೇ..."

"ಓಡಿಸೋರು ಸಿಕ್ಕಿದ್ರು," ಅಂದೆ, ಊರುಗೋಲು ಊರುತ್ತ ಏರು ಹತ್ತಿದೆ.

ಅವಳು ಒಳಗಿನಿಂದ ಬಾಗಿಲು ತೆರೆದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಪಕ್ಕದ ಸೀಟಿನಲ್ಲಿ ಕೂತೆ. "ಎಲ್ಲಿ ಕಲಿತೆ ಮಾರಾಯ್ತಿ ಇದನ್ನ?"

"ಇಪ್ಪತ್ತೆರಡು ವರ್ಷದಿಂದ ಕ್ಲಚ್ಚೇ ತುಳೀತಿರೋದು ನಾನು. ಬಲಮಂಡಿಯಲ್ಲಿ ಹೊಲಿಗೆ ಮಷಿನ್ನಿನ ಲಿವರ್ ಒತ್ತಿ ಬಟ್ಟೆ ಬಿಡಿಸೋದು, ಎಡಗಾಲಲ್ಲಿ ಪೆಡಲ್. ಕಾಲರ್ ಮೂಲೆಗೆ ಬಂದಾಗ ಒಂದೇ ಒಂದು ಹೊಲಿಗೆ ಹಾಕಿ ನಿಲ್ಲಿಸ್ಬೇಕು, ಎರಡಾದ್ರೆ ಕಾಲರ್ ಕೆಟ್ಟಿತು. ಅಲ್ಲಿ ತುಳಿದ್ರೆ ಹಿಡಿಯುತ್ತೆ, ಇಲ್ಲಿ ಬಿಟ್ರೆ ಹಿಡಿಯುತ್ತೆ, ಅಷ್ಟೇ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವಳ ಮಷಿನ್ನಿನ ಕೆಳಗೆ ಮೋಟರು ಸದಾ ತಿರುಗುತ್ತಿರುತ್ತದೆ. ಪೆಡಲ್ ತುಳಿದಷ್ಟೇ ಒಳಗಿನ ಕ್ಲಚ್ಚು ಹಿಡಿದು ಸೂಜಿ ಓಡುತ್ತದೆ. ಮನೆಯಲ್ಲಿರುವ ಅಂಥದೇ ಮಷಿನ್ನಿನ ಕ್ಲಚ್ಚು ಸವೆದಾಗ ಎರಡು ಸಲ ಲೈನಿಂಗ್ ಬದಲಿಸಿದವನು ನಾನೇ! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನ್ನಂಥ ದಡ್ಡನಿಗಾಗಿಯೇ ಹುಟ್ಟಿದ ಮಾತು.

"ಆದ್ರೂ ಅದು ಹಿಡಿಯೋ ಜಾಗ ಹೇಗೆ ಗೊತ್ತಾಯ್ತು?"

"ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಒದೆ ತಿಂದಿಲ್ವಾ? ನನ್ನ ಬೆನ್ನಿಗೆ ಗೊತ್ತು. ಮತ್ತೆ ನೀವು ಸೀಟು ಹಿಂದೆ ಹಾಕ್ಕೊಂಡು ಕಾಲು ಚಾಚಿ ತುಳೀತಿದ್ರಿ. ಸೊಂಟದಿಂದ ತುಳೀಬೇಕು ರೀ. ಮಂಡಿನಾದ್ರೂ ಉಳೀತಿತ್ತು."

ಸಿಗ್ನಲ್ಲಿನಲ್ಲಿ ನಿಂತೆವು. ಗಲಗಲ ಸದ್ದಿಗೆ ಪಕ್ಕದ ಕಾರಿನವರು ತಿರುಗಿ ನೋಡಿದರು. ಹಸಿರು ಬೀಳುವ ಹೊತ್ತಿಗೆ ನನ್ನ ಕೈ ತಾನಾಗಿ ಬಾಗಿಲ ಮೇಲಿನ ಹಿಡಿಗೆ ಹೋಯಿತು. ಅದರ ಮೇಲಿನ ಗೆರೆಗಳೆಲ್ಲ ಸವೆದು ನುಣುಪಾಗಿದ್ದವು. ಒಂದು ಕಡೆಯ ಸ್ಕ್ರೂ ಸಡಿಲಾಗಿ ಲಟಲಟ ಅನ್ನುತ್ತಿತ್ತು. ಈ ಕಾರಿನ ಒಂದೊಂದು ಸ್ಕ್ರೂ ನನಗೆ ಗೊತ್ತು ಅಂತ ಎಷ್ಟು ಜನರ ಮುಂದೆ ಹೇಳಿದ್ದೆ! ಇದೊಂದನ್ನು ನೋಡಿಯೇ ಇರಲಿಲ್ಲ.

ಕಾರು ಹೊರಟಿತು. ಹೊರಟಿದ್ದೇ ಗೊತ್ತಾಗಲಿಲ್ಲ.

"ಆವತ್ತು ಎಲ್ಲರ ಮುಂದೆ ಹಾಗೆ ನಗಬಾರದಿತ್ತು ಕಣೇ," ಅಂದೆ. "ತಪ್ಪಾಯ್ತು."

ಅವಳು ರಸ್ತೆಯ ಮೇಲಿನ ಕಣ್ಣು ತೆಗೆಯಲಿಲ್ಲ, ಆದರೆ ಮುಖ ಅರಳಿತು. "ಮನೆಗೆ ಹೋದ ಮೇಲೆ ಆ ಸ್ಕ್ರೂ ಬಿಗಿ ಮಾಡಿ."

"ನೀನು ಹೀಗೆ ಓಡಿಸಿದ್ರೆ ಆ ಹಿಡಿ ಇನ್ನು ಯಾರಿಗೆ ಬೇಕೇ?"

"ನಿಮಗೆ," ಅಂದಳು ನನ್ನಾಕೆ. "ಗಟ್ಟಿಯಾಗಿ ಹಿಡ್ಕೊಳ್ಳಿ, ನಾನಿನ್ನೂ ಮೂರನೇ ಗೇರೇ ಹಾಕಿಲ್ಲ."